ಹಳೇ ಫೈಬರ್ ದೋಣಿಗೆ ಎರಡು ಡಬ್ಬಿ ಬಣ್ಣ: ಐದನೇ ವರ್ಷದಲ್ಲಿ ಹೇಗಿದೆ?

ಮೊದಲೇ ಅಂಕ ಹೇಳಿಬಿಡುತ್ತೇನೆ. ದೋಣಿ ತೇಲುವಾಗ ನೀರು ಮುಟ್ಟುವ ಗೆರೆಯಿಂದ ಮೇಲೆ ಈ ಪಾಲಿಯುರಿಥೇನ್ ಬಣ್ಣಕ್ಕೆ ಐದಕ್ಕೆ ನಾಲ್ಕೂವರೆ. ಗೆರೆಯಿಂದ ಕೆಳಗೆ ಎರಡು. ಅದೇ ಡಬ್ಬಿ, ಅದೇ ದೋಣಿ, ಹೊಡೆದದ್ದೂ ನಾನೇ. ಇಷ್ಟು ವ್ಯತ್ಯಾಸ ಹೇಗೆ ಬಂತು ಅಂತ ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ದೋಣಿ ನಮ್ಮ ಚಿಕ್ಕಪ್ಪನದು. ಹದಿನಾಲ್ಕು ಅಡಿ ಉದ್ದ, ಇಪ್ಪತ್ತು ವರ್ಷ ದಾಟಿದ ಫೈಬರ್ ದೋಣಿ. ಊರು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ಪಕ್ಕ. ಚಿಕ್ಕಪ್ಪನಿಗೆ ಮೀನು ಹಿಡಿಯುವ ಲೈಸೆನ್ಸ್ ಇದೆ. ನಾನು ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ, ಭಾನುವಾರ ಊರಿಗೆ ಹೋಗುತ್ತೇನೆ. ಕಟ್ಟೆ ತುಂಬಿದ ಮೇಲೆ ದೋಣಿ ನೀರಿಗಿಳಿದರೆ ಸಂಕ್ರಾಂತಿವರೆಗೂ ನೀರಲ್ಲೇ ಇರುತ್ತದೆ. ಆಮೇಲೆ ಎಳೆದು ಹುಣಸೆ ಮರದ ಕೆಳಗೆ ಮಗುಚಿ ಹಾಕುತ್ತೇವೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ವಾರಕ್ಕೊಮ್ಮೆ ನೀರಿಗಿಳಿಸಿ ಸಂಜೆ ಮೇಲಕ್ಕೆ ತರುವ ದೋಣಿಯ ಕಥೆಯೇ ಬೇರೆ.

2020ರ ಹೊತ್ತಿಗೆ ಅದರ ಸ್ಥಿತಿ ಹೇಗಿತ್ತು ಅಂದರೆ, ಒರಗಿ ನಿಂತರೆ ಲುಂಗಿಗೆ ಬಿಳಿ ಪುಡಿ ಅಂಟುತ್ತಿತ್ತು, ಸುಣ್ಣದ ಗೋಡೆಗೆ ಒರಗಿದ ಹಾಗೆ. ಫೈಬರ್ ದೋಣಿಯ ಮೇಲ್ಮೈಯಲ್ಲಿ ಜೆಲ್‌ಕೋಟ್ ಅಂತ ಒಂದು ತೆಳು ಪದರ ಇರುತ್ತದೆ. ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು. ಬಿಸಿಲಿಗೆ ಅದು ಸುಟ್ಟು ಪುಡಿಯಾಗುತ್ತಾ ಹೋಗುತ್ತದೆ. ಅದಕ್ಕೂ ಮುಂಚೆ ಚಿಕ್ಕಪ್ಪ ಒಂದು ಸಲ ಕಿಟಕಿ ಬಾಗಿಲಿಗೆ ಹೊಡೆಯುವ ಎನಾಮಲ್ ತಂದು ಬಳಿದಿದ್ದರು. ಒಂದು ಮಳೆಗಾಲವೂ ತಡೆಯಲಿಲ್ಲ. ನೀರಲ್ಲಿ ನೆನೆದು ಮೆತ್ತಗಾಗಿ, ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಥರ ಕೈಗೇ ಬರುತ್ತಿತ್ತು.

ಹಾಗಾಗಿ ಈ ಸಲ ಸರಿಯಾದ್ದೇ ಮಾಡೋಣ ಅಂತ ಬಣ್ಣ ಹುಡುಕಿಕೊಂಡು ಹೊರಟೆ. ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆ 1937ರದ್ದು. ಇಡೀ ದೇಶದ ಮತದಾರರ ಬೆರಳಿಗೆ ಹಚ್ಚುವ ಶಾಯಿ 1962ರಿಂದ ಅಲ್ಲೇ ತಯಾರಾಗುತ್ತದೆ. ಸೋಪು ಹಾಕಿ ಎಷ್ಟು ಉಜ್ಜಿದರೂ ಹೋಗದ ಶಾಯಿ ಮಾಡುವ ಊರಿನಲ್ಲಿ, ದೋಣಿ ಮೇಲೆ ನಿಲ್ಲುವ ಬಣ್ಣಕ್ಕೆ ನಾನು ಎರಡು ಶನಿವಾರ ಅಲೆದೆ. ಒಂದು ಅಂಗಡಿಯವರು "ಮಂಗಳೂರಿಂದ ತರಿಸ್ಬೇಕು ಸಾರ್" ಅಂದರು. ಇನ್ನೊಬ್ಬರು ಸಮುದ್ರದ ದೋಣಿಗಳ ತಳಕ್ಕೆ ಹೊಡೆಯುವ, ಚಿಪ್ಪು ಹುಳ ಅಂಟದ ಹಾಗೆ ತಡೆಯುವ ತಾಮ್ರದ ಬಣ್ಣ ಕೊಡಲು ನೋಡಿದರು. ಅದು ಮಲ್ಪೆಗೆ ಸರಿ. ನಮ್ಮ ಸಿಹಿನೀರಿನಲ್ಲಿ ಆ ಹುಳ ಇಲ್ಲ. ಇರುವುದು ಪಾಚಿ, ತೆಂಗಿನ ನಾರಿನಲ್ಲಿ ಉಜ್ಜಿದರೆ ಹೋಗುತ್ತದೆ. ಅದಕ್ಕೆ ತಾಮ್ರದ ವಿಷ ಯಾಕೆ? ಅದೂ ನಾವೇ ಮೀನು ಹಿಡಿಯುವ ನೀರಿಗೆ.

ಕೊನೆಗೆ ಸಿಕ್ಕಿದ್ದು ಕಾರುಗಳಿಗೆ, ಕಾರ್ಖಾನೆಯ ಮಷೀನುಗಳಿಗೆ ಬಣ್ಣ ಮಾರುವ ಅಂಗಡಿಯಲ್ಲಿ. ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್ ಒಂದು ಸೆಟ್, ಎರಡು ಡಬ್ಬಿಯ ಪಾಲಿಯುರಿಥೇನ್ ಒಂದು ಸೆಟ್. ಒಂದು ಡಬ್ಬಿಯಲ್ಲಿ ಬಣ್ಣ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡನರ್, ಎರಡನ್ನೂ ಕಲಸಿ ಹೊಡೆಯಬೇಕು. ಅಂಗಡಿಯವರು ಮೊದಲನೇ ಸೆಟ್ಟನ್ನು ಎಪಾಕ್ಸಿ, ಎರಡನೆಯದನ್ನು ಪಿಯು ಅಂತಲೇ ಕರೆಯುವುದು. ನಾಲ್ಕು ನಾಲ್ಕು ಲೀಟರ್ ತಂದೆ. ತಿನ್ನರ್, ಎಮರಿ ಪೇಪರ್, ಮಾಸ್ಕ್, ಎರಡು ದಿನದ ಕೂಲಿ ಎಲ್ಲಾ ಸೇರಿ ಆಗ ಹನ್ನೊಂದು ಸಾವಿರ ಚಿಲ್ಲರೆ ಆಯಿತು. ಕಂಪನಿ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಈ ಜಾತಿಯ ಬಣ್ಣವನ್ನು ಬಹಳ ಕಂಪನಿಗಳು ಮಾಡುತ್ತವೆ. ನನ್ನ ಎಡವಟ್ಟಿಗೂ ಕಂಪನಿಗೂ ಸಂಬಂಧ ಇಲ್ಲ.

ಇನ್ನು ಉಜ್ಜುವ ಕೆಲಸ. ನಾಲ್ಕು ಭಾನುವಾರ ಇದರಲ್ಲೇ ಹೋಯಿತು. ಉಜ್ಜುವ ಮುಂಚೆ ತೊಳೆಯಬೇಕು, ತೊಳೆದ ಮೇಲೆ ತಿನ್ನರ್ ಹಾಕಿ ಒರೆಸಬೇಕು. ಅಚ್ಚಿನಿಂದ ದೋಣಿ ಬಿಡಿಸಲು ಹಚ್ಚಿದ ಮೇಣ, ಆಮೇಲೆ ಯಾರೋ ಹಾಕಿದ ಪಾಲಿಶ್, ಎಣ್ಣೆ ಜಿಡ್ಡು ಎಲ್ಲಾ ಅಲ್ಲೇ ಕೂತಿರುತ್ತದೆ. ಒರೆಸದೆ ಉಜ್ಜಿದರೆ ಆ ಮೇಣವನ್ನು ಗೀರುಗಳ ಒಳಗೆ ನಾವೇ ತುಂಬಿದ ಹಾಗೆ. ಒಂದು ಬಟ್ಟೆಯಲ್ಲಿ ತಿನ್ನರ್ ಹಚ್ಚಿ, ಅದು ಆರುವ ಮುಂಚೆಯೇ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಬೇಕು. ಆಮೇಲೆ ಒಂದು ಚೊಂಬು ನೀರು ಸುರಿದು ನೋಡಿ. ಕೆಸುವಿನ ಎಲೆ ಮೇಲಿನ ಹಾಗೆ ಹನಿ ಹನಿಯಾಗಿ ಉರುಳಿದರೆ ಇನ್ನೂ ಮೇಣ ಇದೆ. ಹಾಳೆಯ ಹಾಗೆ ಹರಡಿದರೆ ಹೋಗಿದೆ ಅಂತ ಅರ್ಥ.

ಮೊದಲು 80 ನಂಬರಿನ ಎಮರಿ, ಆಮೇಲೆ 120, ಪಿಯು ಹೊಡೆಯುವ ಮುಂಚೆ 320ರ ವಾಟರ್ ಪೇಪರ್. ಫೈಬರ್ ಪುಡಿ ಮೈಗೆ ತಾಗಿದರೆ ನಸುಗುನ್ನಿ ತಾಗಿದ ಹಾಗೆ ಆಗುತ್ತದೆ. ಮೊದಲನೇ ದಿನ ಸುಮ್ನೆ ಬನಿಯನ್ನಿನಲ್ಲಿ ಉಜ್ಜಿ ರಾತ್ರಿಯೆಲ್ಲಾ ಕೆರೆದುಕೊಂಡೆ. ತುಂಬುತೋಳಿನ ಅಂಗಿ, ಕನ್ನಡಕ, ಒಳ್ಳೇ ಮಾಸ್ಕ್ ಇಲ್ಲದೆ ಕೈ ಹಾಕಬೇಡಿ.

ಚಿಕ್ಕಪ್ಪ ಹುಣಸೆ ಮರದ ಬೇರಿನ ಮೇಲೆ ಕೂತು ನೋಡುತ್ತಿದ್ದರು.

"ಲೋ ಮಗ, ದೋಣಿಗೆ ಬಣ್ಣ ಹೊಡಿತಿದ್ದೀಯೋ ಇಲ್ಲ ಮದ್ವೆ ಹೆಣ್ಣಿಗೆ ಅರಿಸಿನ ಉಜ್ತಿದ್ದೀಯೋ?"

ಅವರ ಲೆಕ್ಕ ಹರಿಗೋಲಿನದು. ಬಿದಿರು ಹೆಣೆದು, ಪ್ಲಾಸ್ಟಿಕ್ ಚೀಲ ಹೊದಿಸಿ, ಡಾಂಬರು ಬಳಿದರೆ ಆಯಿತು. ವರ್ಷವಾದರೆ ಮತ್ತೆ ಬಳಿ. ಅದರಲ್ಲೂ ತಪ್ಪೇನಿಲ್ಲ. ಡಾಂಬರು ಅಗ್ಗ, ಯಾರೂ ಹೊಳಪು ಕೇಳುವುದಿಲ್ಲ.

ತಳದಲ್ಲಿ ಏಳೆಂಟು ಗುಳ್ಳೆ ಇದ್ದವು, ಕಡಲೆಕಾಳಿನ ಗಾತ್ರ. ಚುಚ್ಚಿದರೆ ಹುಳಿ ವಾಸನೆಯ ನೀರು. ಒಣದ್ರಾಕ್ಷಿ ನೀರಲ್ಲಿ ಉಬ್ಬುತ್ತದಲ್ಲ, ಅದೇ ಲೆಕ್ಕ. ಜೆಲ್‌ಕೋಟ್ ದಾಟಿ ಒಳಗೆ ಹೋದ ನೀರು ಅಲ್ಲಿನ ರಾಳದ ಅಂಶ ಕರಗಿಸಿಕೊಂಡು, ಇನ್ನಷ್ಟು ನೀರನ್ನು ಎಳೆಯುತ್ತದೆ. ಉಪ್ಪುನೀರಿಗಿಂತ ಸಿಹಿನೀರು ಈ ಕೆಲಸ ಜಾಸ್ತಿ ಮಾಡುತ್ತದೆ. ನದಿ ನೀರು ದೋಣಿಗೆ ಮೆದು ಅಂತ ನಾನು ಅಂದುಕೊಂಡಿದ್ದೆ! ಗುಳ್ಳೆಗಳನ್ನು ಕೆರೆದು, ತೊಳೆದು, ಮೂರು ವಾರ ಒಣಗಲು ಬಿಟ್ಟೆವು. ಒಣಗಿದೆಯಾ ಅಂತ ನೋಡಲು ಒಂದು ತುಂಡು ಪ್ಲಾಸ್ಟಿಕ್ ಹಾಳೆಯನ್ನು ತಳಕ್ಕೆ ಸುತ್ತಲೂ ಟೇಪ್ ಹಾಕಿ ಅಂಟಿಸಿ. ಮಾರನೇ ದಿನ ಹಾಳೆಯ ಒಳಗೆ ಬೆವರು ಕಂಡರೆ ಇನ್ನೂ ಕಾಯಬೇಕು.

ಗುಳ್ಳೆಯ ಗುಂಡಿ ತುಂಬುವಾಗ ಮೊದಲ ತಪ್ಪು ಆಯಿತು. ಕಾರಿನ ಟಿಂಕರಿಂಗ್ ಶಾಪಿನಿಂದ ಸಹಾಯಕ್ಕೆ ಬಂದ ಹುಡುಗ ಎರಡು ಕಡೆ ಕಾರಿನ ಗುಂಡಿ ತುಂಬಲು ಹಾಕುವ ಪೇಸ್ಟನ್ನೇ, ಅಂದರೆ ಕಾರಿನ ಪಟ್ಟಿಯನ್ನೇ ಮೆತ್ತಿದ. ನನಗೂ ಗೊತ್ತಿರಲಿಲ್ಲ. ಆ ಪಟ್ಟಿ ನೀರು ಹೀರುತ್ತದೆ. ಮೊದಲನೇ ಮಳೆಗಾಲ ಮುಗಿಯುವಷ್ಟರಲ್ಲಿ ಅವೆರಡೂ ಉಬ್ಬಿ ಎದ್ದವು. ಎಪಾಕ್ಸಿ ಪಟ್ಟಿ ಹಾಕಿದ ಮಿಕ್ಕ ಗುಂಡಿಗಳು ಇವತ್ತಿಗೂ ಅಲುಗಿಲ್ಲ.

ಎಪಾಕ್ಸಿ ಮೂರು ಕೋಟ್ ಹೊಡೆದೆ. ಅಳತೆ ಮಾತ್ರ ಡಬ್ಬಿ ಮೇಲೆ ಬರೆದ ಹಾಗೇ ಇರಬೇಕು. "ಗಟ್ಟಿ ಆಗೋ ಔಷ್ಧಿ ಒಂದ್ ಗುಟುಕು ಜಾಸ್ತಿ ಹಾಕ್ಲಾ, ಬಿರ್ನೆ ಒಣಗ್ತದೆ" ಅಂತ ಚಿಕ್ಕಪ್ಪ. ಒಣಗುವುದಿಲ್ಲ. ಹಾರ್ಡನರ್ ಜಾಸ್ತಿಯಾದರೂ ಕಮ್ಮಿಯಾದರೂ ಎಪಾಕ್ಸಿ ಅಂಟಂಟಾಗಿಯೇ ಉಳಿಯುತ್ತದೆ. ಇನ್ನೊಂದು ವಿಷಯ. ಕಲಸಿದ್ದನ್ನು ಬಕೆಟ್ಟಿನಲ್ಲಿ ರಾಶಿಯಾಗಿ ಬಿಟ್ಟರೆ ತಾನೇ ಬಿಸಿಯಾಗಿ ಬೇಗ ಗಟ್ಟಿಯಾಗುತ್ತದೆ. ಅರ್ಧ ಅರ್ಧ ಲೀಟರ್ ಕಲಸಿಕೊಳ್ಳಿ.

ಎಪಾಕ್ಸಿಗೆ ಬಿಸಿಲು ಆಗಿಬರುವುದಿಲ್ಲ, ಪುಡಿಯಾಗುತ್ತದೆ. ಅದಕ್ಕೇ ಮೇಲೆ ಪಿಯು. ಅಗ್ಗದ ಸ್ಪಂಜಿನ ರೋಲರ್ ತಂದಿದ್ದೆ. ತಿನ್ನರಿಗೆ ಅದು ಕರಗಿ, ಚೂರುಗಳು ಬಣ್ಣದಲ್ಲಿ ಅಂಟಿಕೊಂಡವು. ಮತ್ತೆ ಉಜ್ಜಿದೆ. ತಿನ್ನರ್ ತಡೆಯುವ ರೋಲರ್ ಕೇಳಿ ತಗೊಳ್ಳಿ. ರೋಲರಿನಲ್ಲಿ ತೆಳ್ಳಗೆ ಹರಡಿ, ಹಿಂದೆಯೇ ಒಳ್ಳೇ ಬ್ರಷ್ಷಿನ ತುದಿಯಲ್ಲಿ ಸವರಿಕೊಂಡು ಹೋದರೆ ಗೆರೆ ಕಾಣುವುದಿಲ್ಲ. ಸ್ಪ್ರೇ ಮಾಡುವ ಆಸೆ ಬೇಡ. ಪಿಯು ಹಾರ್ಡನರಿನಲ್ಲಿರುವ ಐಸೋಸೈನೇಟ್ ಮಂಜಿನ ಹಾಗೆ ಒಳಗೆ ಹೋದರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಸಾಮಾನ್ಯ ಮಾಸ್ಕ್ ಅದನ್ನು ತಡೆಯುವುದಿಲ್ಲ.

ಎಡಗಡೆ ಬೆಳಗ್ಗೆ ಹೊಡೆದೆ. ಬಲಗಡೆ ಸಂಜೆ ಐದಕ್ಕೆ. ಫೆಬ್ರವರಿ ತಿಂಗಳು, ಹಿನ್ನೀರಿನ ಪಕ್ಕ, ರಾತ್ರಿ ಇಬ್ಬನಿ ಬಿತ್ತು. ಬೆಳಗ್ಗೆ ನೋಡಿದರೆ ಎಡಗಡೆ ಕನ್ನಡಿ, ಬಲಗಡೆ ಮಜ್ಜಿಗೆ ಲೋಟ. ಆರದ ಪಿಯು ಮೇಲೆ ತೇವ ಕೂತರೆ ಹೊಳಪು ಸತ್ತುಹೋಗುತ್ತದೆ. ಬಲಗಡೆಯನ್ನು ನಾನು ತಿದ್ದಲಿಲ್ಲ. ಸಾಕಾಗಿತ್ತು.

ಇದೆಲ್ಲಾ 2021ರ ಫೆಬ್ರವರಿಯದು. ಆಮೇಲೆ ನಡೆದದ್ದು ಹೇಳುತ್ತೇನೆ.

ಮೇಲ್ಭಾಗ ನಿಜಕ್ಕೂ ಚೆನ್ನಾಗಿದೆ. ಕೆನೆ ಬಣ್ಣ ಆರಿಸಿದ್ದೆ, ಗಾಢ ಬಣ್ಣವಾದರೆ ಬಿಸಿಲಲ್ಲಿ ಕೈ ಇಡಲಾಗುವುದಿಲ್ಲ. ಐದನೇ ವರ್ಷ ನಡೆಯುತ್ತಿದೆ. ಲುಂಗಿಗೆ ಪುಡಿ ಅಂಟುವುದಿಲ್ಲ. ಬಲೆ ಎಳೆಯುವ ಅಂಚಿನಲ್ಲಿ ಸವೆದು ಬೂದು ಪ್ರೈಮರ್ ಇಣುಕುತ್ತಿದೆ, ಅಷ್ಟೇ. ಮೊಪೆಡ್ ಪೆಟ್ರೋಲ್ ಒಂದು ಸಲ ಚೆಲ್ಲಿತ್ತು, ಒರೆಸಿದರೆ ಕಲೆ ಇಲ್ಲ. ತಮಾಷೆ ಅಂದರೆ ಇಬ್ಬನಿ ಬಿದ್ದ ಬಲಗಡೆಯೂ ಗಟ್ಟಿಯಾಗೇ ಇದೆ, ಹೊಳಪು ಮಾತ್ರ ಇಲ್ಲ.

ತಳದ ಕಥೆ ಬೇರೆ. ಎರಡನೇ ವರ್ಷ ಎಳೆದು ಮಗುಚಿದಾಗ ಹಿಂಬದಿಯ ತಳದಲ್ಲಿ ಗುಳ್ಳೆಗಳು. ಮೊದಲು ಎದೆ ಧಸಕ್ ಅಂತು, ಹಳೇ ರೋಗ ಮತ್ತೆ ಬಂತು ಅಂತ. ಚುಚ್ಚಿದೆ. ಹುಳಿ ವಾಸನೆ ಇಲ್ಲ, ಬರೀ ನೀರು. ಕೆಳಗೆ ಬೂದು ಎಪಾಕ್ಸಿ ಹಾಗೇ ಇತ್ತು. ಎದ್ದದ್ದು ಪಿಯು ಪದರ ಮಾತ್ರ. ಆಮೇಲೆ ಡಬ್ಬಿ ಜೊತೆ ಕೊಟ್ಟಿದ್ದ ಹಾಳೆಯನ್ನು ಹುಡುಕಿ ಓದಿದೆ. ಸದಾ ನೀರಿನೊಳಗೆ ಇರುವ ಜಾಗಕ್ಕೆ ಬಳಸಬೇಡಿ ಅಂತ ಸಣ್ಣ ಅಕ್ಷರದಲ್ಲಿ ಬರೆದೇ ಇತ್ತು. ಇಂಥ ಪಿಯು ಬಣ್ಣಗಳಲ್ಲಿ ಬಹಳಷ್ಟು ನೀರಿನ ಗೆರೆಯ ಮೇಲೆ ಹೊಡೆಯುವುದಕ್ಕೇ ಮಾಡಿದ್ದು. ದಿನಾ ಎತ್ತಿಡುವ ದೋಣಿಗೆ ತಳಕ್ಕೂ ನಡೆಯುತ್ತದೆ. ಆರು ತಿಂಗಳು ನೆನೆಯುವ ನಮ್ಮ ದೋಣಿಗೆ ನಡೆಯಲಿಲ್ಲ. ಎರಡು ಸ್ಟಾರ್ ಕೊಟ್ಟಿದ್ದು ಬಣ್ಣಕ್ಕೋ ನನಗೋ ಅಂತ ನೀವೇ ತೀರ್ಮಾನ ಮಾಡಿ.

2023ರಲ್ಲಿ ಮಳೆ ಕೈಕೊಟ್ಟಿತು. ತುಂಬಿದಾಗ 124.80 ಅಡಿ ಇರುವ ಕಟ್ಟೆಯ ನೀರಿನ ಮಟ್ಟ, 2024ರ ಶುರುವಿಗೆ ನೂರು ಅಡಿಯ ಕೆಳಗಿತ್ತು. ನೀರು ಹಿಂದಕ್ಕೆ ಹೋಗಿ ಹೋಗಿ, ನಡುವೆ ಬರೀ ಬಂಡೆ. ದೋಣಿಯನ್ನು ಅಷ್ಟು ದೂರ ಎಳೆಯುವಾಗ ನಡುಬೆನ್ನಿನ ಉದ್ದಕ್ಕೂ ಪಿಯು, ಎಪಾಕ್ಸಿ ಎರಡೂ ಸವೆದು ಎರಡು ಕಡೆ ಫೈಬರ್ ನಾರು ಕಂಡಿತು. ಬಂಡೆಗೆ ತಡೆಯುವ ಬಣ್ಣ ಇಲ್ಲ ಬಿಡಿ. ಆಗ ಚಿಕ್ಕಪ್ಪ ತೋಟದಿಂದ ಬಾಳೆದಿಂಡು ತರಿಸಿ ಸಾಲಾಗಿ ಹಾಸಿದರು. ನಾಲ್ಕು ಜನ ಬೇಕಿದ್ದ ದೋಣಿ ಇಬ್ಬರ ಕೈಗೇ ಜಾರಿಕೊಂಡು ಹೋಯಿತು, ಒಂದು ಗೀರೂ ಇಲ್ಲದೆ. ನನ್ನ ಹನ್ನೊಂದು ಸಾವಿರದ ಲೆಕ್ಕ ಆವತ್ತು ಯಾರೂ ಕೇಳಲಿಲ್ಲ, ಪುಣ್ಯ.

ಆ ಬೇಸಿಗೆ ತಳದ ಪಿಯು ಪೂರ್ತಿ ಕೆರೆದು, ಎಪಾಕ್ಸಿ ಮಾತ್ರ ನಾಲ್ಕು ಕೋಟ್ ಹೊಡೆದೆ. ಒಂದೊಂದು ಕೋಟೂ ಹಿಂದಿನದು ಪೂರ್ತಿ ಗಟ್ಟಿಯಾಗುವ ಮುಂಚೆ, ಡಬ್ಬಿಯಲ್ಲಿ ಹೇಳಿದ ಸಮಯದೊಳಗೆ. ತಳ ನೀರೊಳಗೆ ಇರುತ್ತದೆ, ಮೇಲೆ ಬಂದರೆ ಮರದ ನೆರಳು, ಹಾಗಾಗಿ ಬಿಸಿಲಿನ ಚಿಂತೆ ಕಮ್ಮಿ. ಜುಲೈನಲ್ಲಿ ಕಟ್ಟೆ ತುಂಬಿತು, ದೋಣಿ ಇಳಿಯಿತು. ಮುಂದಿನ ಸಂಕ್ರಾಂತಿ ಕಳೆದು ಎಳೆದಾಗ ಒಂದೇ ಒಂದು ಗುಳ್ಳೆ ಇರಲಿಲ್ಲ. 2025ರಲ್ಲಿ ಜೂನ್ ಮುಗಿಯುವಷ್ಟರಲ್ಲೇ ಕಟ್ಟೆ ತುಂಬಿದ್ದರಿಂದ ಈ ಸಲ ನೆನೆಯುವ ತಿಂಗಳು ಜಾಸ್ತಿ. ಎಳೆದ ಮೇಲೆ ಗೊತ್ತಾಗುತ್ತದೆ.

ಒಂದು ನಷ್ಟ ಹೇಳುವುದು ಮರೆತೆ. ಮುಂದೆ ಟಚಪ್‌ಗೆ ಆಗುತ್ತೆ ಅಂತ ಪಿಯು ಒಂದೂವರೆ ಲೀಟರ್ ಉಳಿಸಿ ಇಟ್ಟಿದ್ದೆ. ವರ್ಷ ಬಿಟ್ಟು ತೆಗೆದರೆ ಬಣ್ಣ ಚೆನ್ನಾಗಿದೆ, ಹಾರ್ಡನರ್ ಮಾತ್ರ ಅಚ್ಚುಬೆಲ್ಲದ ಹಾಗೆ ಗಟ್ಟಿ. ಒಂದು ಸಲ ಮುಚ್ಚಳ ತೆಗೆದರೆ ಗಾಳಿಯ ತೇವಕ್ಕೇ ಅದು ಸೆಟ್ ಆಗುತ್ತದೆ. ಲೀಟರಿನ ಸೆಟ್ ನಾಲ್ಕು ತಗೊಳ್ಳುವುದು ಸ್ವಲ್ಪ ದುಬಾರಿಯಾದರೂ ಅದೇ ಸರಿ.

ಈ ಸಂಕ್ರಾಂತಿ ಆದ ಮೇಲೆ ಸವೆದ ಅಂಚಿಗೆ ಪಿಯು ಹೊಡೆಯಬೇಕು, ಬೆಳಗ್ಗೆ ಹತ್ತರೊಳಗೆ. ಮೊನ್ನೆ ಫೋನಿನಲ್ಲಿ ಚಿಕ್ಕಪ್ಪ, "ಆ ಬೂದು ಬಣ್ಣ ಮಿಕ್ಕುದ್ರೆ ಚೆಲ್ಬ್ಯಾಡ ಕಣ್ಲಾ, ಹರಿಗೋಲು ಒಂದದೆ" ಅಂದರು.