ಇಮ್ಹಾಫ್ ಕೋನ್: ಕೋನ್‌ಗೆ ನಾಲ್ಕು ಸ್ಟಾರ್, ಸ್ಟ್ಯಾಂಡ್‌ಗೆ ಒಂದೇ

ಮಳೆಗಾಲದಲ್ಲಿ ಘಟಪ್ರಭಾ ನೀರು ಒಂದು ಕೊಡ ತುಂಬಿಟ್ಟರೆ ಉಸುಕು ನೋಡನೋಡುತ್ತಲೇ ತಳಕ್ಕೆ ಹೋಗುತ್ತದೆ, ಮೇಲಿನ ನೀರು ಮಾತ್ರ ಮರುದಿನವೂ ಹಾಲು ಹಾಕಿದ ಚಹಾದ ಹಾಗೇ ಇರುತ್ತದೆ. ಬಾಗಲಕೋಟೆಯವರಿಗೆ ಇದೇನು ಹೊಸದಲ್ಲ. ನಮ್ಮ ಲ್ಯಾಬ್‌ನಲ್ಲಿ ಹುಡುಗರಿಗೆ ಇದನ್ನೇ ಅಳೆದು ತೋರಿಸಬೇಕು. ಅದಕ್ಕೇ ಎರಡು ಪ್ಲಾಸ್ಟಿಕ್ ಇಮ್ಹಾಫ್ ಕೋನ್ (ನೀರಿನಲ್ಲಿ ತಳಕ್ಕೆ ಕೂರುವ ಗಸಿ ಅಳೆಯುವ, ಚೂಪು ತಳದ ಪಾತ್ರೆ), ಜೊತೆಗೆ ಅವನ್ನು ನಿಲ್ಲಿಸಲು ಒಂದು ಸ್ಟ್ಯಾಂಡ್ ಆನ್‌ಲೈನ್‌ನಲ್ಲಿ ತರಿಸಿದೆ. ಮೂರು ತಿಂಗಳು ಬಳಸಿ ಬರೆಯುತ್ತಿದ್ದೇನೆ.

ಕೋನ್ ಚೆನ್ನಾಗಿದೆ. ಒಂದು ಲೀಟರ್ ಹಿಡಿಯುತ್ತದೆ, ಚೂಪು ತುದಿಯ ಹತ್ತಿರ 0.1 ಮಿಲಿಗೊಂದು ಗೆರೆ. ನೆಟ್ಟಗಿನ ಜಾರ್‌ನಲ್ಲಿ ಒಂದು ಮಿಲಿ ಗಸಿ ಅಂದರೆ ತಳಕ್ಕೆ ಬಳಿದ ಹಾಗೆ ಕಾಣುತ್ತದೆ, ಇಲ್ಲಿ ಅದೇ ಎರಡು ಬೆರಳಿನಷ್ಟು ಎತ್ತರ ನಿಲ್ಲುತ್ತದೆ. ಗಾಜಿನದಕ್ಕಿಂತ ಅಗ್ಗ, ಹುಡುಗರ ಕೈಯಿಂದ ಬಿದ್ದರೂ ಒಡೆದಿಲ್ಲ (ಎರಡು ಸಲ ಬಿದ್ದಿದೆ). ಒಂದು ಸ್ಟಾರ್ ಕಡಿಮೆ ಯಾಕೆಂದರೆ ತುದಿಯ ತಿರುಪಿನ ಮುಚ್ಚಳ. ಒಂದರಲ್ಲಿ ವಾಷರ್ ಸರಿಯಿಲ್ಲದೆ ಹನಿ ಹನಿ ಸೋರುತ್ತಿತ್ತು. ಸೋರುವುದು ಬರೀ ನೀರಲ್ಲ, ನಾವು ಅಳೆಯಬೇಕಾದ ಗಸಿಯೇ!

ಇನ್ನು ಸ್ಟ್ಯಾಂಡ್. ಒಂದೇ ಬಕೆಟ್ಟಿನ ನೀರನ್ನು ಚೆನ್ನಾಗಿ ಕಲಕಿ ಎರಡೂ ಕೋನ್‌ಗೆ ಹಾಕಿದೆ. 45 ನಿಮಿಷ ಬಿಟ್ಟು, ಗೋಡೆಗೆ ಅಂಟಿದ್ದು ಇಳಿಯಲಿ ಅಂತ ಕಡ್ಡಿಯಿಂದ ಅಂಚಿನಲ್ಲಿ ಮೆಲ್ಲಗೆ ಒಂದು ಸುತ್ತು ತಿರುಗಿಸಿ, ಮತ್ತೆ 15 ನಿಮಿಷ ಬಿಟ್ಟೆ. ಪದ್ಧತಿ ಇರುವುದೇ ಹೀಗೆ. ಆದರೂ ಎರಡರ ಲೆಕ್ಕ ಬೇರೆ ಬೇರೆ ಬಂತು. ಮೂರು ಸಲ ಮಾಡಿದರೂ ಅದೇ ಕತೆ, ಕಲಕಿದ ಹುಡುಗನಿಗೆ ಸುಮ್ನೆ ಬೈದೆ. ಆಮೇಲೆ ದಾರಕ್ಕೆ ನಟ್ ಕಟ್ಟಿ ಇಳಿಬಿಟ್ಟು ನೋಡಿದರೆ ಸ್ಟ್ಯಾಂಡಿನ ಒಂದು ತೂತು ವಾಲಿಕೊಂಡಿದೆ! ಆ ಕೋನ್‌ನಲ್ಲಿ ಗಸಿ ಒಂದು ಗೋಡೆಗೆ ಒರಗಿ ಕೂರುತ್ತಿತ್ತು, ಮೇಲ್ಮೈ ಓರೆ. ಯಾವ ಗೆರೆ ಓದಬೇಕು ಹೇಳಿ? ಕೊಳವೆ ಓರೆಯಾದರೆ ಕಣಗಳು ಬೇಗ ಕೆಳಗಿಳಿಯುತ್ತವೆ ಎಂದು ಬಾಯ್ಕಾಟ್ ಎಂಬುವರು 1920ರಲ್ಲೇ ರಕ್ತದ ಕಣಗಳಲ್ಲಿ ಗಮನಿಸಿ ಬರೆದಿದ್ದರು. ಅಂದರೆ ವಾಲಿದ ಸ್ಟ್ಯಾಂಡ್ ಸಣ್ಣ ತಪ್ಪಲ್ಲ, ಪರೀಕ್ಷೆಯನ್ನೇ ಕೆಡಿಸುತ್ತದೆ. ಮಾರಿದವರಿಗೆ ಫೋಟೊ ಕಳಿಸಿದೆ. ವಾಷರ್ ಕಳಿಸಿದರು, ಸ್ಟ್ಯಾಂಡ್ ಬಗ್ಗೆ ಇವತ್ತಿಗೂ ಉತ್ತರವಿಲ್ಲ.

ಕೊಳ್ಳುವವರಿಗೆ ಒಂದು ಮಾತು. ಒಂದು ತಾಸಾದರೂ ನೀರು ತಿಳಿಯಾಗಲಿಲ್ಲ ಎಂದು ಕೋನ್‌ಗೆ ಬೈಯಬೇಡಿ, ಅದರ ತಪ್ಪಲ್ಲ. ಸ್ಟೋಕ್ಸ್ ನಿಯಮದ ಪ್ರಕಾರ ಕಣದ ಅಗಲ ಹತ್ತು ಪಟ್ಟು ಸಣ್ಣದಾದರೆ ಇಳಿಯುವ ವೇಗ ನೂರು ಪಟ್ಟು ಕಡಿಮೆ. 20 ಡಿಗ್ರಿ ನೀರಿನಲ್ಲಿ ಒಂದು ಅಡಿ ಇಳಿಯಲು 0.1 ಮಿಮೀ ಉಸುಕಿಗೆ ಅರ್ಧ ನಿಮಿಷದ ಮೇಲೆ ಸ್ವಲ್ಪ ಸಾಕು, 0.01 ಮಿಮೀ ಕಣಕ್ಕೆ ಸುಮಾರು ಒಂದು ತಾಸು, 0.001 ಮಿಮೀ ಕಣಕ್ಕೆ ಹೆಚ್ಚುಕಡಿಮೆ ನಾಲ್ಕು ದಿನ! ನಮ್ಮ ಎರಿ ಮಣ್ಣಿನ ಜಿಗುಟು ಕಣಗಳು ಅದಕ್ಕಿಂತಲೂ ಸಣ್ಣವು, ಮೇಲಾಗಿ ಎಲ್ಲಕ್ಕೂ ಋಣ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂಡುತ್ತಲೇ ತೇಲುತ್ತವೆ. ಮನೆಯಲ್ಲಿ ಕೊಡದೊಳಗೆ ತುರಟಿ (ಪಟಿಕ) ತಿರುಗಿಸುತ್ತಾರಲ್ಲ, ಅದು ಈ ಜಗಳ ಬಿಡಿಸಿ ಕಣಗಳನ್ನು ಗುಂಪು ಕಟ್ಟಿಸುತ್ತದೆ. ಹತ್ತಿಯಂಥ ಎಳೆ ಎಳೆ ಗುಂಪುಗಳು ಕೋನ್‌ನಲ್ಲಿ ಇಳಿಯುವುದನ್ನು ನೋಡುವುದೇ ಚೆಂದ. ಫ್ಯಾನ್ ಗಾಳಿಗೆ, ಕಿಟಕಿ ಬಿಸಿಲಿಗೆ ಮಾತ್ರ ಇಡಬೇಡಿ, ಒಳಗೆ ನೀರು ಸುತ್ತುತ್ತಾ ಕೂರುವುದನ್ನೂ ಎಬ್ಬಿಸುತ್ತದೆ.

ಕೋನ್ ಮಾತ್ರ ಕೊಳ್ಳಿ, ಸ್ಟ್ಯಾಂಡ್ ಬೇಡ. ನಾನು ನವನಗರದ ಬಡಿಗೇರ ಒಬ್ಬರ ಹತ್ತಿರ ಕಟ್ಟಿಗೆಯದೇ ಮಾಡಿಸಿದೆ, ಮಟ್ಟ ಹಿಡಿದು ನೋಡಿದರೆ ಕೂದಲೆಳೆಯಷ್ಟೂ ವಾಲಿಲ್ಲ. ಕೋನ್ ತಿರುಗಿಸಿ ತಿರುಗಿಸಿ ನೋಡಿ ಅವರು ಕೇಳಿದ್ದು: "ಕಾಲೇಜಿನ್ಯಾಗ ಕುಲ್ಫಿ ಮಾಡಾಕತ್ತೀರೇನ್ರಿ ಸರ?"