ಡೀಸೆಲ್ ಮುಳ್ಳು ಕೈಕೊಟ್ಟಾಗ: ತೊಳೆಸುವುದೋ, ಹೊಸದೋ, ಹಳೆಯದೋ?

ಪುಣೆಯ ಮಿತ್ರರೊಬ್ಬರು ತಮ್ಮ ಹಳೆಯ ಡೀಸೆಲ್ ಕಾರಿನ ಟ್ಯಾಂಕಿನೊಳಗಿನ ಸೆಂಡರನ್ನು (ಡೀಸೆಲ್ ಮಟ್ಟ ಅಳೆದು ಡ್ಯಾಶ್‌ಬೋರ್ಡಿನ ಮುಳ್ಳಿಗೆ ತಿಳಿಸುವ ಭಾಗವನ್ನು) ಸ್ವಚ್ಛಗೊಳಿಸಬೇಕೇ, ಹೊಸದನ್ನು ಹಾಕಿಸಬೇಕೇ, ಇಲ್ಲವೇ ವಾಹನಗಳ ಬಿಡಿಭಾಗ ಸಿಗುವ ನಾನಾ ಪೇಠೆಯಲ್ಲಿ ಹಳೆಯದನ್ನು ಹುಡುಕಬೇಕೇ ಎಂದು ಕೇಳಿದ್ದಾರೆ. ಅರ್ತ್ ವೈರಿನ ತುದಿಗೆ ತುಕ್ಕು ಹಿಡಿದರೂ ಮುಳ್ಳು ತಪ್ಪು ತೋರಿಸುವುದರಿಂದ, ಮೊದಲು ಅದನ್ನು ಪರೀಕ್ಷಿಸುವುದು ಲೇಸು.

ಖರ್ಚಿನಲ್ಲಿ ಸ್ವಚ್ಛತೆಯೇ ಅಗ್ಗ. ಸೆಂಡರನ್ನು ಹೊರತೆಗೆದು, ಮಲ್ಟಿಮೀಟರ್ ಹಚ್ಚಿ, ತೇಲುಬುರುಡೆಯ ತೋಳನ್ನು ಮೆಲ್ಲಗೆ ಮೇಲೆತ್ತಿದಾಗ ಓಮ್ (ವಿದ್ಯುತ್ ರೋಧದ ಅಳತೆ) ಅಂಕಿಗಳು ತಡೆಯಿಲ್ಲದೆ ಬದಲಾಗಬೇಕು. ಒಂದೇ ಜಾಗದಲ್ಲಿ ಪದೇ ಪದೇ ಜಿಗಿದರೆ ಅಲ್ಲಿ ಕೊಳೆ ಕೂತಿರಬಹುದು ಅಥವಾ ತೋಳಿನೊಂದಿಗೆ ಉಜ್ಜುವ ರೋಧಪಟ್ಟಿಯೇ ಸವೆದಿರಬಹುದು. ಕಾಂಟ್ಯಾಕ್ಟ್ ಕ್ಲೀನರ್ ಕೊಳೆಯನ್ನು ತೆಗೆಯುತ್ತದೆ, ಸವೆತವನ್ನಲ್ಲ.

ಬಾಳಿಕೆಯಲ್ಲಿ ಹೊಸದು ಮೇಲು. ಆದರೆ ತಯಾರಿಕೆ ನಿಂತ ಮಾದರಿಗಳಿಗೆ ಅದು ಸಿಗುವುದೇ ಕಷ್ಟ, ಸಿಕ್ಕರೂ ಅದರ ಓಮ್ ವ್ಯಾಪ್ತಿ ಕಾರಿನ ಮುಳ್ಳಿಗೆ ಹೊಂದಬೇಕು. ಹಳೆಯದನ್ನು ಕೊಳ್ಳುವವರು ಅಂಗಡಿಯಲ್ಲೇ ಮೇಲಿನಂತೆ ಪರೀಕ್ಷಿಸಬೇಕು (ಅಂಗಡಿಯವರ ಭರವಸೆಗೆ ಓಮ್ ಇರುವುದಿಲ್ಲ).

ಹಿಂದಿನ ಸೀಟಿನಡಿ ಸೆಂಡರಿಗೆ ಕೈ ತಲುಪಿಸುವ ಮುಚ್ಚಳವಿದ್ದರೆ ತೊಳೆಸಿ ನೋಡಲು ಅಡ್ಡಿಯಿಲ್ಲ. ಟ್ಯಾಂಕನ್ನೇ ಇಳಿಸಬೇಕಾದ ಕಾರಿಗೆ ಎರಡೆರಡು ಬಾರಿ ಕೂಲಿ ತೆರುವ ಬದಲು ಹೊಸದೇ ಸರಿ. ಡೀಸೆಲ್ ಪೂರ್ತಿ ಬರಿದಾದರೆ ಕೊಳವೆಗಳಿಗೆ ಗಾಳಿ ಸೇರಿ, ಅದನ್ನು ಹೊರಹಾಕದೆ ಎಂಜಿನ್ ಏಳದು. ಆದ್ದರಿಂದ ಚೋರ್ಲಾ ಘಾಟಿಯಲ್ಲಿ ಗೋವೆಗೆ ಓಡಾಡುವವರಿಗೂ ಹೊಸದನ್ನೇ ಸೂಚಿಸುತ್ತೇನೆ. ಊರೊಳಗಷ್ಟೇ ಓಡಿಸುವವರಿಗೆ ತೊಳೆಸಿದ ಸೆಂಡರ್ ಮತ್ತು ಟ್ರಿಪ್ ಮೀಟರ್ (ಡೀಸೆಲ್ ತುಂಬಿಸಿದ ಮೇಲೆ ಓಡಿದ ದೂರದ ಲೆಕ್ಕ) ಸಾಕು.