ಡಿಎಲ್ ಅಮಾನತಾದವರಿಗೆ ಕಾಂಪ್ರಹೆನ್ಸಿವ್ ಕಾರ್ ಪಾಲಿಸಿ ಎಷ್ಟು ಉಪಯೋಗ?

ನಿಮ್ಮ ಗಾಡಿಯ ಹಾನಿಯನ್ನೂ ಎದುರಿನವರ ನಷ್ಟವನ್ನೂ ಭರಿಸುವ ಈ ಪಾಲಿಸಿ ಪ್ರೀಮಿಯಂ ವಿಷಯದಲ್ಲಿ ಉದಾರಿಯೇ. ಥರ್ಡ್ ಪಾರ್ಟಿ (ಎದುರಿನವರ ನಷ್ಟದ) ವಿಮೆಯ ದರ ಸರ್ಕಾರ ನಿಗದಿ ಮಾಡಿದ್ದು. 2022ರ ಪಟ್ಟಿಯಲ್ಲಿ 1000ರಿಂದ 1500 ಸಿಸಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ, ಜಿಎಸ್‌ಟಿ ಬೇರೆ. ಡಿಎಲ್ ಅಮಾನತಾಯಿತೆಂದು ಅದು ಏರುವುದಿಲ್ಲ.

ಪೆಟ್ಟು ಬೀಳುವುದು ಕ್ಲೇಮಿನಲ್ಲಿ. ಡ್ರೈವರ್ ಷರತ್ತು ಓದಿ: ಓಡಿಸುವವರ ಬಳಿ ಚಾಲ್ತಿ ಲೈಸೆನ್ಸ್ ಇರಬೇಕು, ಅವರು ಅನರ್ಹಗೊಂಡಿರಬಾರದು. ಅಮಾನತಿನ ಅವಧಿಯಲ್ಲಿ ಸಿಲ್ಕ್ ಬೋರ್ಡ್ ಜಾಮಿನಲ್ಲಿ ಬಂಪರ್ ಮುರಿದುಕೊಂಡರೆ ರಿಪೇರಿ ಖರ್ಚು ನಿಮ್ಮದೇ. ಸವಕಳಿ ಕಡಿತವಿಲ್ಲದೆ ಬಿಡಿಭಾಗದ ಬೆಲೆ ಕೊಡುವ ಜೀರೋ ಡೆಪ್ ಹಾಕಿಸಿದ್ದರೂ ಅಷ್ಟೇ. ಎದುರಿನವರಿಗೆ ಗಾಯವಾದರೆ, ಕಂಪನಿ ಪರಿಹಾರ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲಿ ಮಾಡುವಂತೆ ಕೋರ್ಟ್ ಹೇಳಬಹುದು. ಮಾಲೀಕರ 15 ಲಕ್ಷದ ಅಪಘಾತ ವಿಮೆಗೂ ಚಾಲ್ತಿ ಡಿಎಲ್ ಬೇಕು. ಆದರೆ ಡಿಎಲ್ ಇರುವ ಮನೆಯವರೋ ಡ್ರೈವರೋ ಓಡಿಸಿದರೆ ಗಾಡಿಯ ಕವರ್‌ಗೆ ತೊಂದರೆಯಿಲ್ಲ, ಮೆಚ್ಚಬೇಕಾದ್ದು ಇದನ್ನೇ.

ಗಾಡಿ ಬೇಸ್‌ಮೆಂಟಲ್ಲೇ ನಿಂತಿದೆಯಲ್ಲ ಎಂದು ರಿನ್ಯೂವಲ್ ಬಿಟ್ಟರೆ ಮಾತ್ರ ಜೇಬಿಗೆ ಕತ್ತರಿ. ಅವಧಿ ಮುಗಿದು 90 ದಿನ ದಾಟಿದರೆ ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದವರಿಗೆ ಸಿಗುವ ರಿಯಾಯಿತಿ, ಹೋಯಿತು. ಶೇ 50 ರಿಯಾಯಿತಿ ಇದ್ದವರಿಗೆ ಓನ್ ಡ್ಯಾಮೇಜ್ (ಸ್ವಂತ ಗಾಡಿಯ ಹಾನಿಯ) ಪ್ರೀಮಿಯಂ ಹೆಚ್ಚುಕಡಿಮೆ ದುಪ್ಪಟ್ಟು. ಮೇಲೆ ಇನ್‌ಸ್ಪೆಕ್ಷನ್ ರಗಳೆ. ಅಮಾನತು ಮುಗಿದ ಮೇಲೂ ಪರಿವಾಹನ್ ತಾಣದಲ್ಲಿ ಡಿಎಲ್ ಸ್ಥಿತಿ ಸರಿಹೋಗಿದೆಯೇ ನೋಡಿಯೇ ಕೀ ಹಿಡಿಯಿರಿ.